ಮಂಡಿಯ ಪಕ್ಕದ ಮೂಳೆಗಂಟು

ಮಗು ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಬರುತ್ತದೆ. ಔಷಧಿ ಹಚ್ಚುವಾಗ ಅಮ್ಮನ ಬೆರಳಿಗೆ ಮಂಡಿಯಿಂದ ತುಸು ಮೇಲೆ, ಒಳಮಗ್ಗುಲಲ್ಲಿ, ಗಟ್ಟಿಯಾಗಿ ಏನೋ ತಾಕುತ್ತದೆ. ಒತ್ತಿದರೆ ನೋವಿಲ್ಲ, ಅಲುಗಾಡಿಸಿದರೆ ಜರುಗುವುದೂ ಇಲ್ಲ. ಹತ್ತರಿಂದ ಇಪ್ಪತ್ತರ ನಡುವಿನ ವಯಸ್ಸಿನಲ್ಲಿ ಈ ಗಂಟು ಎಷ್ಟೋ ಸಲ ಹೀಗೆ ಬೇರೆ ಯಾವುದೋ ನೆಪದಲ್ಲಿ ಗೊತ್ತಾಗುತ್ತದೆ. ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು ಚೀಟಿಯಲ್ಲಿ ‘ಆಸ್ಟಿಯೋಕಾಂಡ್ರೋಮಾ’ ಎಂದು ಬರೆಯುತ್ತಾರೆ. ಆ ಚೀಟಿ ಹಿಡಿದು ಮನೆಗೆ ಬಂದವರಿಗಾಗಿ ಈ ಬರಹ. ಇದು ಕ್ಯಾನ್ಸರ್ ಅಲ್ಲ. ಕೇಡಿಲ್ಲದ ಮೂಳೆಗಂಟುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ.

ಇದು ಯಾಕೆ ಬರುತ್ತದೆಂದು ತಿಳಿಯಬೇಕಾದರೆ ಮೂಳೆ ಹೇಗೆ ಉದ್ದವಾಗುತ್ತದೆಂದು ಗೊತ್ತಿರಬೇಕು. ಮಕ್ಕಳ ಉದ್ದ ಮೂಳೆಗಳು ನಡುವಿನಲ್ಲಿ ಬೆಳೆಯುವುದಿಲ್ಲ. ತುದಿಯ ಹತ್ತಿರ ಮೆದುಮೂಳೆಯ ತೆಳುವಾದ ಒಂದು ಪದರವಿರುತ್ತದೆ. ಅದನ್ನು ಬೆಳವಣಿಗೆಯ ಪಟ್ಟಿ ಎನ್ನೋಣ. ಅಲ್ಲಿ ಹೊಸ ಮೆದುಮೂಳೆ ಹುಟ್ಟುತ್ತದೆ, ಹಳೆಯದು ಗಟ್ಟಿಯಾಗಿ ಮೂಳೆಗೆ ಸೇರಿಕೊಳ್ಳುತ್ತದೆ. ಕಾಲು ಉದ್ದವಾಗುವ ಕೆಲಸದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನಡೆಯುವುದು ಮಂಡಿಯ ಮೇಲಿನ ಮತ್ತು ಕೆಳಗಿನ ಪಟ್ಟಿಗಳಲ್ಲಿ. ಆ ಪಟ್ಟಿಯ ಅಂಚಿನ ಚೂರೊಂದು ಉದ್ದಕ್ಕೆ ಬೆಳೆಯುವ ಬದಲು ಪಕ್ಕಕ್ಕೆ ತಿರುಗಿ ಬೆಳೆದರೆ ಗಂಟಾಗುತ್ತದೆ. ಬಿದ್ದ ಪೆಟ್ಟಿನಿಂದ ಇದು ಬಂದದ್ದಲ್ಲ. ಕ್ಯಾಲ್ಸಿಯಂ ಜಾಸ್ತಿಯಾಗಿ ಬಂದದ್ದೂ ಅಲ್ಲ, ಆದ್ದರಿಂದ ಮಗುವಿನ ಹಾಲು, ರಾಗಿ ನಿಲ್ಲಿಸಬೇಡಿ.

ಗಂಟು ಬೆಳವಣಿಗೆಯ ಪಟ್ಟಿಯ ಕೂಸಾದ್ದರಿಂದ ಮಗುವಿನ ಜೊತೆಗೇ ಬೆಳೆಯುತ್ತದೆ, ಮಗುವಿನ ಎತ್ತರ ನಿಂತಾಗ ತಾನೂ ನಿಲ್ಲುತ್ತದೆ. ಹನ್ನೆರಡರ ಹುಡುಗನ ಗಂಟು ವರ್ಷದಲ್ಲಿ ಸ್ವಲ್ಪ ದೊಡ್ಡದಾದರೆ ಅದು ನಿರೀಕ್ಷಿತವೇ. ಇಪ್ಪತ್ತೈದರ ಯುವಕನ ಗಂಟು ಮತ್ತೆ ಬೆಳೆಯತೊಡಗಿದರೆ ತಡಮಾಡದೆ ತೋರಿಸಬೇಕು. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೀವೂ ನೋಡಬಹುದು. ತೊಡೆಮೂಳೆಯ ಹೊರಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತಾ ಕೆಳಗೆ ಬನ್ನಿ. ಗೆರೆ ಎಲ್ಲೂ ಕಡಿಯದೆ ಗಂಟಿನ ಮೇಲೆ ಹತ್ತಿ, ಸುತ್ತಿಕೊಂಡು, ಮತ್ತೆ ಮೂಳೆಗೇ ಇಳಿಯುತ್ತದೆ. ಒಳಗಿನ ಮಜ್ಜೆಯೂ ಹಾಗೆಯೇ ಮುಂದುವರಿದಿರುತ್ತದೆ, ಮರದ ಕಾಂಡದಿಂದ ಕೊಂಬೆ ಒಡೆದ ಹಾಗೆ. ಕೊಂಬೆಯ ತುದಿ ಸಾಮಾನ್ಯವಾಗಿ ಕೀಲಿಗೆ ಬೆನ್ನು ಮಾಡಿರುತ್ತದೆ. ಕೆಲವರಲ್ಲಿ ತೊಟ್ಟು ಇರುವುದಿಲ್ಲ, ಅಗಲವಾದ ದಿಬ್ಬವಿರುತ್ತದೆ. ಕೈಗೆ ಸಿಗುವ ಗಂಟು ಫಿಲ್ಮಿನಲ್ಲಿ ಕಾಣುವುದಕ್ಕಿಂತ ದೊಡ್ಡದೆನಿಸಿದರೆ ಗಾಬರಿ ಬೇಡ. ತುದಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಮೆದುಮೂಳೆ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಅದನ್ನು ಅಳೆಯಲು ಎಂಆರ್‌ಐ ಬೇಕು, ಆದರೆ ಎಲ್ಲರಿಗೂ ಬೇಕಿಲ್ಲ. ಎತ್ತರ ನಿಂತ ಮೇಲೂ ಟೊಪ್ಪಿಗೆ 2 ಸೆಂಟಿಮೀಟರಿಗಿಂತ ದಪ್ಪವಿದ್ದರೆ ಡಾಕ್ಟರು ಅನುಮಾನದಿಂದ ನೋಡುತ್ತಾರೆ. ಒಂಟಿ ಗಂಟು ಇರುವವರಲ್ಲಿ ಅದು ಕ್ಯಾನ್ಸರಾಗಿ ತಿರುಗುವುದು ಶೇ 1ಕ್ಕಿಂತ ಕಡಿಮೆ.

ಹಾಗೆಂದು ಎಕ್ಸ್‌ರೇ ತಪ್ಪಿಸಬಾರದು. ಇದೇ ವಯಸ್ಸಿನಲ್ಲಿ, ಇದೇ ಮಂಡಿಯ ಬಳಿ ಬರುವ ಮೂಳೆ ಕ್ಯಾನ್ಸರೂ ಉಂಟು, ಮುಟ್ಟಿ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಗಂಟು ಕರಗಿಸುತ್ತೇವೆಂದು ಎಣ್ಣೆ ಹಾಕಿ ತಿಕ್ಕುವುದು, ಬರೆ ಹಾಕುವುದು ನಮ್ಮ ಊರುಗಳಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಮೂಳೆ ತಿಕ್ಕಿದರೆ ಕರಗದು. ಮಗುವಿನ ಚರ್ಮ ಸುಡುತ್ತದೆ, ರೋಗ ಗುರುತಿಸುವುದು ತಡವಾಗುತ್ತದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ.

ಇನ್ನು ದಿನದ ಬದುಕು. ಬಹಳಷ್ಟು ಮಕ್ಕಳಿಗೆ ಏನೂ ತೊಂದರೆ ಇರುವುದಿಲ್ಲ. ತೊಂದರೆ ಕೊಡುವುದು ಗಂಟಿಗಿಂತ ಹೆಚ್ಚಾಗಿ ಅದರ ಮೇಲೆ ಹಾದುಹೋಗುವ ಸ್ನಾಯುರಜ್ಜುಗಳು. ಮಂಡಿಯ ಒಳಮಗ್ಗುಲಲ್ಲಿ ಗಂಟಿದ್ದರೆ ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಿಂದ ಏಳುವಾಗ ರಜ್ಜು ಗಂಟಿನ ಮೇಲಿಂದ ‘ಟಕ್’ ಎಂದು ಜಾರುತ್ತದೆ. ಕೈಯಿಟ್ಟರೆ ಅದು ಬೆರಳಿಗೂ ತಿಳಿಯುತ್ತದೆ. ದಿನವೂ ಉಜ್ಜಿ ಉಜ್ಜಿ ಗಂಟಿನ ಮೇಲೆ ನೀರು ತುಂಬಿದ ಚೀಲ ಕಟ್ಟಿಕೊಂಡು ಊದುವುದೂ ಇದೆ. ಆಗ ಕೆಲವು ದಿನ ವಿಶ್ರಾಂತಿ, ತಣ್ಣನೆ ಪಟ್ಟಿ, ಡಾಕ್ಟರು ಹೇಳಿದ ನೋವಿನ ಮಾತ್ರೆ ಸಾಕಾಗಬಹುದು. ಮಗ್ಗುಲಾಗಿ ಮಲಗುವಾಗ ಎರಡು ಮಂಡಿಗಳ ನಡುವೆ ತೆಳು ದಿಂಬಿಟ್ಟರೆ ಒತ್ತು ಕಡಿಮೆಯಾಗುತ್ತದೆ. ಚಕ್ಕಳಮಕ್ಕಳ ಕೂತರೆ ನೋಯುವ ಮಗುವಿಗೆ ಊಟಕ್ಕೂ ಓದಿಗೂ ಕುರ್ಚಿ ಕೊಡಿ, ಅಭ್ಯಾಸ ಮಾಡಿಕೊಳ್ಳಲಿ ಎಂದು ಬಲವಂತ ಮಾಡಬೇಡಿ. ಆಟ ಬಿಡಿಸಬೇಡಿ. ಪಿ.ಟಿ. ಮೇಷ್ಟ್ರಿಗೆ ವಿಷಯ ತಿಳಿಸಿ, ಖೋ ಖೋ, ಕಬಡ್ಡಿಗೆ ಇಳಿಯುವಾಗ ಮಂಡಿಗೆ ಪ್ಯಾಡ್ ಕಟ್ಟಿದರಾಯಿತು. ನೇರವಾಗಿ ಪೆಟ್ಟು ಬಿದ್ದಾಗ ಗಂಟಿನ ತೊಟ್ಟು ಮುರಿಯುವುದುಂಟು. ಅದು ತಟ್ಟನೆ ಬರುವ ಜೋರು ನೋವು, ಎಕ್ಸ್‌ರೇ ಮಾಡಿಸಬೇಕು.

ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಪಾದವನ್ನು ಮೇಲೆತ್ತುವ ನರ ಚರ್ಮದ ಹತ್ತಿರದಲ್ಲೇ ಹಾದುಹೋಗುತ್ತದೆ. ಅಲ್ಲಿ ಗಂಟಿದ್ದು ಪಾದ ಜೋಮು ಹಿಡಿದರೆ, ಚಪ್ಪಲಿಯ ತುದಿ ನೆಲಕ್ಕೆ ತಾಗಿ ಎಡವುವಂತಾದರೆ ಕಾಯಬೇಡಿ. ಮಂಡಿಯ ಹಿಂದೆ ಮಿಡಿಯುವ ಊತ, ಪಾದ ತಣ್ಣಗಾಗುವುದು, ನಿದ್ದೆಯಿಂದ ಎಬ್ಬಿಸುವ ನೋವು ಬಂದರೂ ಅಷ್ಟೇ.

ಆಪರೇಷನ್ ಬೇಕಾಗುವುದು ಇಂಥ ತೊಂದರೆಗಳಿಗೆ, ಅಥವಾ ಗಂಟು ಮೂಳೆಯನ್ನೇ ಸೊಟ್ಟ ಮಾಡುತ್ತಿದ್ದರೆ. ಸಾಧ್ಯವಾದರೆ ಎತ್ತರ ನಿಲ್ಲುವವರೆಗೆ ಕಾಯುತ್ತಾರೆ. ಬೇಗ ತೆಗೆದರೆ ಬೆಳವಣಿಗೆಯ ಪಟ್ಟಿಗೆ ಏಟು ತಗಲಬಹುದು, ಗಂಟು ಮರಳಿ ಬರುವ ಸಂಭವವೂ ಹೆಚ್ಚು. ತೆಗೆಯುವಾಗ ಟೊಪ್ಪಿಗೆಯನ್ನು ಅದರ ಮೇಲ್ಪೊರೆಯ ಸಮೇತ ಪೂರ್ತಿ ತೆಗೆಯಬೇಕು, ಚೂರು ಉಳಿದರೂ ಅದು ಮತ್ತೆ ಬೆಳೆಯಬಲ್ಲದು. ನೋವಿಲ್ಲದ ಗಂಟನ್ನು ಮದುವೆಗೆ ಅಡ್ಡಿಯಾದೀತೆಂಬ ಚಿಂತೆಯಿಂದ ತೆಗೆಸಲು ಕೇಳುವವರಿದ್ದಾರೆ. ಅದು ತಂದೆತಾಯಿಯ ಚಿಂತೆ. ಬೆಳೆದ ಮಗಳಿಗೆ ಬೇಕೋ ಬೇಡವೋ ಎಂದು ಅವಳೇ ಹೇಳಲಿ.

ಒಂದಕ್ಕಿಂತ ಹೆಚ್ಚು ಗಂಟುಗಳಿದ್ದರೆ ಕಥೆ ಬೇರೆ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಇರುವ ಈ ಸ್ಥಿತಿಗೆ ಹೆಚ್ಚಿನವರಲ್ಲಿ ಇಎಕ್ಸ್‌ಟಿ1 ಅಥವಾ ಇಎಕ್ಸ್‌ಟಿ2 ಎಂಬ ಜೀನ್‌ನ ಬದಲಾವಣೆ ಕಾರಣ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮುಂಗೈ ಬಾಗುವುದು, ಕಾಲು ಸೊಟ್ಟಗಾಗುವುದು, ಎತ್ತರ ಕಡಿಮೆಯಾಗುವುದು ಇವರಲ್ಲಿ ಕಾಣುತ್ತದೆ. ಕ್ಯಾನ್ಸರಾಗುವ ಅಪಾಯವೂ ಒಂಟಿ ಗಂಟಿನವರಿಗಿಂತ ಹೆಚ್ಚು, ಆದ್ದರಿಂದ ದೊಡ್ಡವರಾದ ಮೇಲೂ ತಪಾಸಣೆ ಬಿಡುವಂತಿಲ್ಲ. ಮಗುವಿನ ಮೈಯಲ್ಲಿ ಇಂಥ ಎರಡನೆಯ ಗಂಟು ಕೈಗೆ ಸಿಕ್ಕಿದರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅಣ್ಣತಮ್ಮ, ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ, ಅವರ ಮಂಡಿ, ಮಣಿಕಟ್ಟು, ಹೆಗಲು, ಪಕ್ಕೆಲುಬುಗಳನ್ನೂ ತೋರಿಸಿ.