ಮನೆ ಮೇಲೆ ಸೋಲಾರ್: ಮೊದಲು ಬಿಲ್ಲು, ಆಮೇಲೆ ಬಿಸಿಲು

ಹೂವಿನಹಡಗಲಿ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಇಂಥದೇ ಬಯಲುಸೀಮೆಯ ಬಿಸಿಲು ನಂಬಿ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ತಲೆ ಎತ್ತಿದೆ. ಹಾಗಂತ ಬಿಸಿಲು ಒಂದನ್ನೇ ನೋಡಿ ಸಾಲ ಮಾಡಬೇಡಿ. ಹಾಕಿಸಬೇಕೋ ಬೇಡವೋ ಎಂಬುದನ್ನು ನಿಮ್ಮ ಕರೆಂಟ್ ಬಿಲ್ಲು ಹೇಳುತ್ತದೆ.

1. ಒಂದು ವರ್ಷದ ಬಿಲ್ಲು ಮುಂದಿಟ್ಟುಕೊಳ್ಳಿ. ಬೇಸಿಗೆಯ ಒಂದು ತಿಂಗಳ ಬಿಲ್ಲು ನೋಡಿ ಗಾಬರಿಯಾಗಿ ಓಡಬೇಡಿ. 2023ರ ಜುಲೈನಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಜಾರಿಯಲ್ಲಿದೆ. 200 ಯುನಿಟ್‌ನ ಮಿತಿಯೊಳಗೆ, ನಿಮ್ಮ 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯುನಿಟ್ ನಿಗದಿಯಾಗಿದೆ. ಅದರಿಂದ ನಿಮಗೆ ತಿಂಗಳು ತಿಂಗಳೂ ಸೊನ್ನೆ ಬಿಲ್ಲು ಬರುತ್ತಿದ್ದರೆ, ಉಳಿತಾಯದ ಆಸೆಗೆ ಸೋಲಾರ್ ಹಾಕಿಸುವುದು ಸದ್ಯಕ್ಕೆ ಬೇಡ. ಮಾರಲು ಬಂದವರು ಈ ಮಾತು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಮೊದಲು ಹೇಳುತ್ತಿದ್ದೇನೆ.

2. 200ರ ಗಡಿಯಲ್ಲಿದ್ದರೆ ಬಳಕೆ ಇಳಿಸಿ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 220, 240 ಯುನಿಟ್ ಸುಡುವ ಮನೆಗೆ ಲಕ್ಷ ರೂಪಾಯಿಯ ಪ್ಯಾನೆಲ್‌ಗಿಂತ ಮೂರು ಫ್ಯಾನ್ ಬದಲಿಸುವುದೇ ಜಾಣತನ. ಹಳೇ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನಿನಲ್ಲಿ ತಿಂಗಳಿಗೆ 20 ಯುನಿಟ್ ಉಳಿಯಿತು. ಗೀಸರ್ ಇದ್ದರೆ ಅದರ ಜಾಗಕ್ಕೆ ಸೋಲಾರ್ ವಾಟರ್ ಹೀಟರ್ ತನ್ನಿ.

3. ಲೆಕ್ಕವನ್ನು ನೀವೇ ಹಾಕಿ. ಒಂದು ಕಿಲೋವಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ. ತಿಂಗಳಿಗೆ 300 ಯುನಿಟ್ ಬಳಸುವ ಮನೆಗೆ 3 ಕಿಲೋವಾಟ್ ಧಾರಾಳವಾಯಿತು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. 3 ಕಿಲೋವಾಟ್‌ಗಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ನಿಮಗೆ 1,80,000ದ ಕೊಟೇಶನ್ ಬಂದಿದೆ ಅನ್ನಿ, ಕೈಯಿಂದ ಹೋಗುವುದು 1,02,000. 2025ರ ಏಪ್ರಿಲ್‌ನ ದರ ಯುನಿಟ್‌ಗೆ 5 ರೂಪಾಯಿ 80 ಪೈಸೆ, ಮೇಲೆ ಶೇ 9ರ ತೆರಿಗೆ. 300 ಯುನಿಟ್‌ಗೆ ತಿಂಗಳಿಗೆ ಸುಮಾರು 1,900 ರೂಪಾಯಿ ಉಳಿದರೆ ನಾಲ್ಕೂವರೆ ವರ್ಷಕ್ಕೆ ಅಸಲು ವಾಪಸ್. ಬ್ಯಾಂಕ್ ಸಾಲವಾದರೆ ಬಡ್ಡಿಯ ಪಾಲಿಗೆ ಇನ್ನಷ್ಟು ದಿನ ಹಿಡಿಯುತ್ತದೆ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆ ಬದಲಿಸುವ ಖರ್ಚನ್ನೂ ಈಗಲೇ ಬರೆದಿಡಿ. ಬಿಲ್ಲಿನ ನಿಗದಿತ ಶುಲ್ಕ ಸೋಲಾರ್ ಹಾಕಿಸಿದರೂ ತಪ್ಪದು.

4. ಬೇಕಾದ್ದಕ್ಕಿಂತ ದೊಡ್ಡದು ಬೇಡ. ಮಿಕ್ಕ ಕರೆಂಟನ್ನು ನಮ್ಮ ಕರೆಂಟ್ ಕಂಪನಿ ಜೆಸ್ಕಾಂ ಕೊಳ್ಳುತ್ತದೆ, ನಿಜ. ಆದರೆ ಆ ದರ ನಾವು ಕೊಡುವ ದರಕ್ಕಿಂತ ತೀರಾ ಕಡಿಮೆ.

5. ಕರೆಂಟ್ ಹೋದಾಗ ಬೆಳಕು ಬೇಕೋ, ಬಿಲ್ಲು ಇಳಿಯಬೇಕೋ? ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಸಬ್ಸಿಡಿಯಲ್ಲಿ ಹೆಚ್ಚಾಗಿ ಬರುವ, ಬ್ಯಾಟರಿಯಿಲ್ಲದ ಸೋಲಾರ್ ಲೈನಿಗೆ ಕಟ್ಟಿಕೊಂಡೇ ಕೆಲಸ ಮಾಡುತ್ತದೆ. ಲೈನಿನಲ್ಲಿ ಕರೆಂಟ್ ಹೋದರೆ ನಡುಮಧ್ಯಾಹ್ನದ ಸುಡುಬಿಸಿಲಿನಲ್ಲೂ ಅದು ಬಂದ್. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ಕರೆಂಟ್ ಹರಿದು ಜೀವಕ್ಕೆ ಅಪಾಯ ಆಗಬಾರದೆಂದು ಹಾಗೆ ಮಾಡಿದ್ದಾರೆ. ಕತ್ತಲೆಯೇ ನಿಮ್ಮ ತೊಂದರೆಯಾದರೆ ಬ್ಯಾಟರಿ ಸಮೇತ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಏರುತ್ತದೆ. ನಸುಕಿನಲ್ಲೆದ್ದು ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುವ ಮನೆಗೆ ನಾಲ್ಕು ಬಲ್ಬು, ಒಂದು ಫ್ಯಾನು, ಮೊಬೈಲ್ ಚಾರ್ಜು ಸಾಕೆಂದರೆ ಬ್ಯಾಟರಿಯ ಸಣ್ಣ ಸೋಲಾರ್ ದೀಪಗಳೇ ತಕ್ಕವು. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಕಂಪನಿ ಕಟ್ಟಿ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿದ್ದು ಇಂಥ ದೀಪಗಳನ್ನೇ. ಅದಕ್ಕೆ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಸಣ್ಣದೆಂದು ಕಡೆಗಣಿಸಬೇಡಿ.

6. ಮಾಳಿಗೆ ತೋರಿಸದೆ ಮುಂಗಡ ಕೊಡಬೇಡಿ. 3 ಕಿಲೋವಾಟ್‌ಗೆ ಸುಮಾರು 300 ಚದರಡಿ ಬಯಲು ಜಾಗ ಬೇಕು. ಆರ್‌ಸಿಸಿ ಆದರೆ ಚಿಂತೆಯಿಲ್ಲ. ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆಗೆ ಮಾತ್ರ ಖಂಡಿತ ಬೇಡ. ಜಂತೆಯ ಮೇಲೆ ಮೊದಲೇ ಮಣ್ಣಿನ ಭಾರ, ಅದರ ಮೇಲೆ ಕಂಬಿ ನೆಟ್ಟರೆ ಮೊದಲ ಮಳೆಗೇ ಸೋರುತ್ತದೆ. ತಗಡಿನ ಮನೆಯಾದರೆ ತಗಡಿನಡಿಯ ಕಬ್ಬಿಣದ ತಾಕತ್ತನ್ನು ನಂಬಿಗಸ್ತ ಗೌಂಡಿಯಿಂದಲೋ ವೆಲ್ಡರ್‌ನಿಂದಲೋ ನೋಡಿಸಿ. ಆಷಾಢದ ಗಾಳಿ ಪ್ಯಾನೆಲ್‌ನ ಅಡಿ ಹೊಕ್ಕು ಮೇಲಕ್ಕೆತ್ತುತ್ತದೆ, ಕಂಬಿಯಲ್ಲಿ ಜಿಪುಣತನ ಬೇಡ.

7. ನೆರಳು ನೋಡಲು ಮೂರು ಹೊತ್ತು ಮೇಲೆ ಹತ್ತಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4. ತೆಂಗಿನ ಗರಿ, ಸಿಂಟೆಕ್ಸ್ ಟ್ಯಾಂಕು, ಪಕ್ಕದ ಮನೆಯ ಮೆಟ್ಟಿಲುಕೋಣೆ, ಯಾವುದರ ನೆರಳು ಎಲ್ಲಿ ಬೀಳುತ್ತದೆಂದು ಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದೇ ಪ್ಯಾನೆಲ್‌ನ ಮೂಲೆಗೆ ನೆರಳು ಬಿದ್ದರೂ, ಕಾಲುವೆಗೆ ಕಲ್ಲು ಅಡ್ಡವಿಟ್ಟಂತೆ ಆ ಸಾಲಿನ ಕರೆಂಟೆಲ್ಲ ತಗ್ಗಬಹುದು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಉತ್ತರಕ್ಕೆ ಉದ್ದವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆಯಾಗಿರಲಿ.

8. ಆರ್‌.ಆರ್. ನಂಬರ್ ಯಾರ ಹೆಸರಿನಲ್ಲಿದೆ? ತೀರಿಕೊಂಡ ಅಜ್ಜನ ಹೆಸರಿನಲ್ಲೇ ಮೀಟರ್ ಉಳಿದ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಸಬ್ಸಿಡಿ ಅರ್ಜಿ ಆ ನಂಬರಿನ ಮೇಲೇ ನಡೆಯುತ್ತದೆ. ಅಣ್ಣತಮ್ಮಂದಿರು ಕೂತು ಮಾತಾಡಿ ಹೆಸರು ಬದಲಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

9. ಧೂಳು ಒರೆಸುವ ಕೆಲಸ ಯಾರದೆಂದು ಈಗಲೇ ಗೊತ್ತು ಮಾಡಿ. ಗಡಸು ಬೋರ್‌ನೀರು ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಮೆದು ನೀರಿನಲ್ಲಿ, ಬೆಳಗಿನ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ.

10. ದುಡ್ಡು ಕಂತಿನಲ್ಲಿ ಕೊಡಿ. ಸೂರ್ಯಘರ್ ಯೋಜನೆಯಲ್ಲಿ ನೋಂದಾಯಿಸಿಕೊಂಡ ಎರಡು ಮೂರು ಮಾರಾಟಗಾರರಿಂದ ಕೊಟೇಶನ್ ತರಿಸಿ. ದೇಶದಲ್ಲೇ ತಯಾರಾದ ಪ್ಯಾನೆಲ್‌ಗಷ್ಟೇ ಸಬ್ಸಿಡಿ, ಅಗ್ಗದ ವಿದೇಶಿ ಮಾಲಿಗೆ ಮರುಳಾಗಬೇಡಿ. ಸಬ್ಸಿಡಿ ಬರುವುದು ಕೆಲಸ ಮುಗಿದ ಮೇಲೆ, ನಿಮ್ಮ ಖಾತೆಗೇ. ಅಲ್ಲಿಯವರೆಗಿನ ಹಣ ನೀವೇ ಹೊಂದಿಸಬೇಕು. ನೆಟ್ ಮೀಟರ್ ಕೂತು, ಹೊರಗೆ ಹೋದ ಯುನಿಟ್ ಅದರಲ್ಲಿ ಕಾಣಿಸಿಕೊಂಡು, ವಾರಂಟಿ ಕಾಗದ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.