ಚೆಂಡು ಮುಟ್ಟದ ಹುಡುಗನನ್ನು ಕಾಲೇಜು ಕೋಚ್ ಹೇಗೆ ಅಳೆಯುತ್ತಾರೆ?
ಹೊಸದಾಗಿ ಅಮೆರಿಕಕ್ಕೆ ಬಂದ ಕುಟುಂಬಗಳಿಗೆ

"ನಮ್ಮ ಹುಡುಗ ಬಾಲೇ ಮುಟ್ಟಲ್ಲ. ಅವನು ಚೆನ್ನಾಗಿ ಆಡಿದ್ನೋ ಇಲ್ವೋ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಮಗ ಹೈಸ್ಕೂಲ್ ಫುಟ್‌ಬಾಲ್ ತಂಡದ ಆಫೆನ್ಸಿವ್ ಲೈನ್‌ನಲ್ಲಿ ಆಡುವ ಅಪ್ಪ-ಅಮ್ಮಂದಿರು ಕೇಳುವ ಮೊದಲ ಪ್ರಶ್ನೆಯೇ ಇದು. ಎತ್ತರಕ್ಕೆ, ಅಗಲಕ್ಕೆ ಬೆಳೆದ ಹುಡುಗನನ್ನು ಒಂಬತ್ತನೇ ಕ್ಲಾಸಿನಲ್ಲಿ ಕಾರಿಡಾರಿನಲ್ಲೇ ನಿಲ್ಲಿಸಿ ಕೋಚ್ ತಂಡಕ್ಕೆ ಕರೆಯುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕಾಲೇಜುಗಳಿಂದ ಬಣ್ಣದ ಕಾಗದಗಳು ಬರತೊಡಗುತ್ತವೆ. ಅವನ್ನು ನಂಬಬೇಕೋ ಬಿಡಬೇಕೋ ಎಂದು ಹೇಳುವವರು ನಮ್ಮಲ್ಲಿ ಕಡಿಮೆ. ಕ್ರಿಕೆಟ್ಟಿನಲ್ಲಾದರೆ ರನ್ನು, ವಿಕೆಟ್ಟು ನೋಡಿ ಒಂದು ಅಂದಾಜಿಗೆ ಬರುತ್ತಿದ್ದೆವು. ಇಲ್ಲಿ ಹಾಗೆ ಎಣಿಸುವುದಕ್ಕೆ ಏನೂ ಇಲ್ಲ.

ಹಾಗಾಗಿ ಹೆತ್ತವರು ಎರಡು ಸಂಗತಿ ಕಲಿಯಬೇಕು: ಕೋಚ್ ಕಣ್ಣಿಗೆ ಬೀಳುವುದೇನು ಎಂಬುದು ಒಂದು, ಕೋಚ್ ಆಡುವ ಮಾತಿನ ತೂಕವೆಷ್ಟು ಎಂಬುದು ಇನ್ನೊಂದು.

ಐವರ ಕೆಲಸ

ಲೈನ್‌ನಲ್ಲಿ ಐದು ಜನ: ನಡುವೆ ಸೆಂಟರ್, ಅವನ ಎರಡೂ ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ (ಆಟ ಶುರುವಾಗುವ ಈ ಕ್ಷಣಕ್ಕೆ ಸ್ನ್ಯಾಪ್ ಎನ್ನುತ್ತಾರೆ), ಉಳಿದ ನಾಲ್ವರು ಸಾಮಾನ್ಯವಾಗಿ ಅದನ್ನು ಮುಟ್ಟುವುದೇ ಇಲ್ಲ. ಓಡುವವನಿಗೆ ದಾರಿ ಬಿಡಿಸುವುದು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿ ಬೀಳದಂತೆ ತಡೆಯುವುದು ಇವರ ಕೆಲಸ. ಕೆಲಸ ಚೆನ್ನಾಗಿ ಆದರೆ ಹೆಸರು ಬೇರೆಯವರಿಗೆ ಹೋಗುತ್ತದೆ, ಕೆಟ್ಟರೆ ಮಾತ್ರ ಮೈಕಿನಲ್ಲಿ ಇವರ ನಂಬರ್ ಕೇಳಿಸುತ್ತದೆ.

ಮೊದಲು ಮೈಕಟ್ಟು

ಹದಿನಾರು ವರ್ಷದ ಲೈನ್‌ಮನ್ನನ್ನು ನೋಡುವಾಗ ಕೋಚ್ ಅವನ ಇವತ್ತಿನ ಆಟಕ್ಕಿಂತ ಇಪ್ಪತ್ತೊಂದರ ವಯಸ್ಸಿನ ಮೈಯನ್ನು ಊಹಿಸುತ್ತಿರುತ್ತಾರೆ. ದೊಡ್ಡ ಕಾಲೇಜುಗಳಲ್ಲಿ ಟ್ಯಾಕಲ್ ಆಡುವವನು ಸಾಮಾನ್ಯವಾಗಿ 6 ಅಡಿ 4 ಅಂಗುಲಕ್ಕಿಂತ ಎತ್ತರ. ಗಾರ್ಡ್, ಸೆಂಟರ್‌ಗಳಿಗೆ ಒಂದೆರಡು ಅಂಗುಲ ಕಡಿಮೆಯಿದ್ದರೂ ನಡೆಯುತ್ತದೆ. ತೂಕ 300 ಪೌಂಡ್, ಅಂದರೆ ಸುಮಾರು 136 ಕೆಜಿಯ ಆಸುಪಾಸಿಗೆ ಬರಬೇಕು. ತೂಕ ಈಗಲೇ ಇರಬೇಕೆಂದಿಲ್ಲ. ಎಲುಬು ಅಗಲವಾಗಿದ್ದು ಸೊಂಟ, ತೊಡೆ ಗಟ್ಟಿಯಾಗಿರುವ 250 ಪೌಂಡಿನ ಹುಡುಗನನ್ನು, ಆಗಲೇ ಹೊಟ್ಟೆ ಬಿಟ್ಟ 310 ಪೌಂಡಿನವನಿಗಿಂತ ಮೇಲೆ ಇಡುವ ಕೋಚ್‌ಗಳು ಬಹಳ.

ತೋಳಿನ ಉದ್ದಕ್ಕೂ ಬೆಲೆಯಿದೆ. ಉದ್ದ ತೋಳಿನವನು ಎದುರಾಳಿಯ ಎದೆಯನ್ನು ಮೊದಲು ಮುಟ್ಟುತ್ತಾನೆ. ವೃತ್ತಿಪರ ಎನ್‌ಎಫ್‌ಎಲ್ ತಂಡಗಳು ಟ್ಯಾಕಲ್‌ಗೆ 33 ಅಂಗುಲದ ತೋಳನ್ನು ಬಹುಕಾಲದಿಂದ ಒಂದು ಗೆರೆಯಂತೆ ಇಟ್ಟುಕೊಂಡಿವೆ. ಎತ್ತರವಿದ್ದೂ ತೋಳು ಗಿಡ್ಡವಾದವನನ್ನು ಒಳಗೆ ಗಾರ್ಡ್ ಜಾಗಕ್ಕೆ ಸರಿಸುತ್ತಾರೆ. ಹುಡುಗ ಇನ್ನೂ ಬೆಳೆಯುತ್ತಾನಾ ಎಂದು ತಿಳಿಯಲು ಶೂ ಸೈಜ್ ಕೇಳುವುದು, ಅಪ್ಪನ ಜತೆ ಅಮ್ಮನ ಎತ್ತರವನ್ನೂ ಗಮನಿಸುವುದು ಉಂಟು. ಮನೆಗೆ ಬಂದ ಕೋಚ್ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರೆ ತಪ್ಪು ತಿಳಿಯಬೇಡಿ.

ಬೇರೆ ಆಟಗಳ ವಿಚಾರವನ್ನೂ ಕೇಳುತ್ತಾರೆ. ಕುಸ್ತಿ ಆಡಿದವನಿಗೆ ಸಮತೋಲನ ಗೊತ್ತಿರುತ್ತದೆ, ಬ್ಯಾಸ್ಕೆಟ್‌ಬಾಲ್ ಆಡಿದವನ ಕಾಲು ಚುರುಕು, ಗುಂಡು ಎಸೆಯುವವನ ಸೊಂಟದಲ್ಲಿ ಸ್ಫೋಟಕ ಶಕ್ತಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ 10,363 ಸ್ನ್ಯಾಪ್‌ಗಳನ್ನು ಒಂದೂ ತಪ್ಪಿಸದೆ ಆಡಿದ ಟ್ಯಾಕಲ್ ಜೋ ಥಾಮಸ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದಾಗ ಗುಂಡು ಎಸೆತಗಾರನೂ ಹೌದು. ವರ್ಷಪೂರ್ತಿ ಫುಟ್‌ಬಾಲ್ ಒಂದೇ ಸಾಕು ಎಂದು ಚಳಿಗಾಲದ ಕುಸ್ತಿಯನ್ನು ಬಿಡಿಸಬೇಡಿ.

ವಿಡಿಯೋದಲ್ಲಿ ನೋಡುವುದೇನು

ಕೋಚ್‌ಗಳು ಹುಡುಗನನ್ನು ಮೊದಲು ನೋಡುವುದು ಹಡ್ಲ್ ಎಂಬ ತಾಣದ ವಿಡಿಯೋದಲ್ಲಿ. ಮೂರು-ನಾಲ್ಕು ನಿಮಿಷದ ಆಯ್ದ ತುಣುಕು ಸಾಕು. ಅತ್ಯುತ್ತಮವಾದದ್ದು ಮೊದಲೇ ಬರಲಿ, ಪ್ರತಿ ಸ್ನ್ಯಾಪ್‌ಗೆ ಮುಂಚೆ ಹುಡುಗನ ಸುತ್ತ ಗುರುತು ಹಾಕಿರಲಿ. ನೀವು ಗ್ಯಾಲರಿಯಿಂದ ಫೋನಿನಲ್ಲಿ ತೆಗೆದ ವಿಡಿಯೋ ಚೆಂಡಿನ ಹಿಂದೆಯೇ ಓಡುವುದರಿಂದ ಉಪಯೋಗಕ್ಕೆ ಬರುವುದು ಅಪರೂಪ. ಶಾಲೆಯವರು ಎಂಡ್ ಝೋನ್, ಅಂದರೆ ಮೈದಾನದ ತುದಿಯ ಹಿಂದಿನಿಂದ ತೆಗೆದದ್ದನ್ನು ಕೇಳಿ ಪಡೆಯಿರಿ, ಲೈನ್‌ನ ಕೈಕಾಲು ಸರಿಯಾಗಿ ಕಾಣುವುದು ಅದರಲ್ಲೇ.

ಅದನ್ನು ನಿಧಾನಗತಿಯಲ್ಲಿ ಹಾಕಿಕೊಂಡು ನೀವೇ ನೋಡಿ. ಚೆಂಡು ಕದಲಿದ ಕೂಡಲೇ ಇಡುವ ಮೊದಲ ಹೆಜ್ಜೆ ಚುರುಕಾಗಿದೆಯೇ, ಸರಿಯಾದ ದಿಕ್ಕಿಗಿದೆಯೇ? ಕೈಗಳು ಎದುರಾಳಿಯ ಎದೆಯ ಒಳಭಾಗಕ್ಕೆ ಹೋಗುತ್ತಿವೆಯೇ, ಇಲ್ಲ ಭುಜದ ಹೊರಗೆ ಅಪ್ಪಿಕೊಳ್ಳುತ್ತಿವೆಯೇ? ಹೊರಗೆ ಹಿಡಿದರೆ ಹೋಲ್ಡಿಂಗ್ ಎಂದು ದಂಡ ಬೀಳಬಹುದು. ಬಗ್ಗುವುದು ಮಂಡಿಯಲ್ಲೋ ನಡುವಿನಲ್ಲೋ? ಇದು ಎಲ್ಲಕ್ಕಿಂತ ಮುಖ್ಯ. ಕಬಡ್ಡಿ ಅಂಕಣದಲ್ಲಿ ರೈಡರ್‌ಗೆ ಕಾದು ನಿಂತ ಒಳ್ಳೆಯ ಡಿಫೆಂಡರ್ ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಕೂತಂತೆ ನಿಂತಿರುತ್ತಾನಲ್ಲ, ಅದೇ ಭಂಗಿ ಇಲ್ಲೂ ಬೇಕು. ನಡು ಬಗ್ಗಿಸಿ ಮುಂದಕ್ಕೆ ಬೀಳುವವನನ್ನು ಕಾಲೇಜಿನ ಎದುರಾಳಿಗಳು ಕೈಹಿಡಿದು ಎಳೆದು ಉರುಳಿಸುತ್ತಾರೆ.

ಆಮೇಲೆ ಪಾದಗಳು. ಡಿಕ್ಕಿಯಾದ ಮೇಲೂ ಕಾಲು ಆಡುತ್ತಿರಬೇಕು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುತ್ತಾ ಹಿಂದಕ್ಕೆ ಜಾರುವಾಗ ಪಾದಗಳು ಒಂದಕ್ಕೊಂದು ತಾಗಬಾರದು. ಮೈಮೇಲೆ ನುಗ್ಗಿ ಬಂದವನ ಭಾರಕ್ಕೆ ಎರಡು ಹೆಜ್ಜೆ ಸರಿದು ನಿಲ್ಲುತ್ತಾನೋ, ಕ್ವಾರ್ಟರ್‌ಬ್ಯಾಕ್ ಮಡಿಲಿಗೇ ಹೋಗುತ್ತಾನೋ? ಎದುರಿನ ಇಬ್ಬರು ಜಾಗ ಬದಲಿಸಿಕೊಂಡು ನುಗ್ಗಿದಾಗ ಪಕ್ಕದವನಿಗೆ ಒಬ್ಬನನ್ನು ಒಪ್ಪಿಸಿ ಇನ್ನೊಬ್ಬನನ್ನು ತೆಗೆದುಕೊಳ್ಳುವ ಬುದ್ಧಿ ಓಡುತ್ತದೆಯೇ? ಸೀಟಿ ಊದುವವರೆಗೂ ಆಡುತ್ತಾನೆಯೇ, ಅಥವಾ ಚೆಂಡು ತನ್ನನ್ನು ದಾಟಿದ ಮೇಲೆ ನಿಂತುಬಿಡುತ್ತಾನೆಯೇ?

ಎದುರಾಳಿಯನ್ನು ಅಂಗಾತ ಕೆಡವುವ ಬ್ಲಾಕ್‌ಗೆ ಇಲ್ಲಿ ಪ್ಯಾನ್‌ಕೇಕ್ ಎನ್ನುತ್ತಾರೆ. ಮನೆಮಂದಿ ಇದಕ್ಕೆ ಎದ್ದು ಚಪ್ಪಾಳೆ ತಟ್ಟುತ್ತೇವೆ. ಕೋಚ್ ಮಾತ್ರ ಮೊದಲು ಬಿದ್ದವನ ಅಳತೆ ನೋಡುತ್ತಾರೆ. 280 ಪೌಂಡಿನ ಹುಡುಗ 170 ಪೌಂಡಿನವನನ್ನು ಉರುಳಿಸಿದರೆ ಅದರಿಂದ ತಿಳಿಯುವುದು ಕಡಿಮೆ. ಸರಿಸಮನಾದವನ ಎದುರು ಸೋತರೂ ಮುಂದಿನ ಸ್ನ್ಯಾಪ್‌ನಲ್ಲಿ ತಿದ್ದಿಕೊಂಡದ್ದರಿಂದ ಹೆಚ್ಚು ತಿಳಿಯುತ್ತದೆ. ಆಸಕ್ತಿ ಗಟ್ಟಿಯಾದಂತೆ ಅವರು ಇಡೀ ಪಂದ್ಯದ ವಿಡಿಯೋ ಕೇಳುವುದು ಇದಕ್ಕೇ.

ಇಷ್ಟೆಲ್ಲ ಅಳೆದರೂ ಅಂದಾಜು ತಪ್ಪುತ್ತದೆ. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 2013ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಟ್ಯಾಕಲ್ ಎರಿಕ್ ಫಿಶರ್ ಓದಿದ್ದು ಹೆಸರಾಂತ ಫುಟ್‌ಬಾಲ್ ಕಾಲೇಜುಗಳಲ್ಲಲ್ಲ, ಸೆಂಟ್ರಲ್ ಮಿಷಿಗನ್‌ನಲ್ಲಿ. ಅದೇ ವರ್ಷ ನಾಲ್ಕನೆಯವನಾದ ಟ್ಯಾಕಲ್ ಲೇನ್ ಜಾನ್ಸನ್ ಮೊದಲು ಟೆಕ್ಸಸ್‌ನ ಕಿಲ್ಗೋರ್ ಎಂಬ ಜೂನಿಯರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಮುಂದೆ ಎನ್‌ಎಫ್‌ಎಲ್‌ನಲ್ಲಿ ಸೆಂಟರ್ ಆಗಿ ಹೆಸರಾದ ಜೇಸನ್ ಕೆಲ್ಸಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಸ್ಕಾಲರ್‌ಶಿಪ್ ಇಲ್ಲದ ವಾಕ್-ಆನ್ ಆಗಿ. ಲೈನ್‌ನಲ್ಲಿ ಆಡುವವರ ಮೈ, ತಂತ್ರ ಎರಡೂ ತಡವಾಗಿ ಮಾಗುತ್ತವೆ. ಹೈಸ್ಕೂಲ್ ಆಟಗಾರರಿಗೆ ದರ್ಜೆ ಹಚ್ಚುವ ತಾಣಗಳು ಕೊಡುವ ಎರಡು-ಮೂರು ನಕ್ಷತ್ರ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಕಾಗದ ಬಂದರೆ ಆಫರ್ ಬಂದಂತಲ್ಲ

ಬೇಸಿಗೆ ಕ್ಯಾಂಪಿಗೆ ಬನ್ನಿ ಎಂಬ ಕಾಗದ ನೂರಾರು ಮನೆಗಳಿಗೆ ಹೋಗಿರುತ್ತದೆ. ಅದಕ್ಕೆ ನೀವು ದುಡ್ಡು ಕೊಡಬೇಕು. ಕ್ಯಾಂಪ್ ವ್ಯರ್ಥವೆಂದಲ್ಲ, ಲೈನ್ ಕೋಚ್ ಹುಡುಗನನ್ನು ಕಣ್ಣಾರೆ ನೋಡಿ ತಿದ್ದಿ ಪರೀಕ್ಷಿಸುವುದು ಅಲ್ಲಿಯೇ. ಆದರೆ ಮೊದಲೇ ವಿಡಿಯೋ ನೋಡಿ, ಹೆಸರು ಹಿಡಿದು ಕರೆದ ಕಾಲೇಜಿನ ಕ್ಯಾಂಪಿಗೆ ಮಾತ್ರ ಹೋಗಿ. ಸಾವಿರಾರು ಡಾಲರ್ ಪಡೆದು "ಕಾಲೇಜುಗಳಿಗೆ ಪರಿಚಯಿಸುತ್ತೇವೆ" ಎನ್ನುವ ಸಂಸ್ಥೆಗಳ ಕೆಲಸವನ್ನು ನಿಮ್ಮ ಹೈಸ್ಕೂಲ್ ಕೋಚ್ ಬರೆಯುವ ಒಂದು ಇಮೇಲ್ ಮಾಡುತ್ತದೆ.

ಬಾಯಿಮಾತಿನ ಆಫರ್ ಯಾರನ್ನೂ ಕಟ್ಟಿಹಾಕುವುದಿಲ್ಲ, ಕಾಲೇಜನ್ನೂ ಇಲ್ಲ, ಹುಡುಗನನ್ನೂ ಇಲ್ಲ. ಹಾಗಾಗಿ ಸಂಕೋಚ ಬಿಟ್ಟು ಕೇಳಿ: "ಅವನು ಇವತ್ತೇ ಒಪ್ಪಿಕೊಂಡರೆ ನೀವು ತೆಗೆದುಕೊಳ್ಳುತ್ತೀರಾ? ಈ ವರ್ಷ ಎಷ್ಟು ಜನ ಲೈನ್‌ಮನ್‌ಗಳನ್ನು ಸೇರಿಸಿಕೊಳ್ಳುತ್ತೀರಿ? ಅವರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಬರುವವರು ಎಷ್ಟು?" ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ದಾಖಲಾಗುವ, 2018ರಲ್ಲಿ ಶುರುವಾದ ಈ ಪೋರ್ಟಲ್‌ನಿಂದಾಗಿ, ಹದಿನೆಂಟರ ಹುಡುಗನನ್ನು ಮೂರು ವರ್ಷ ಬೆಳೆಸುವ ಬದಲು ಬೇರೆ ಕಾಲೇಜಿನಲ್ಲಿ ಪಳಗಿದವನನ್ನೇ ಕರೆತರುವುದು ಕೋಚ್‌ಗಳಿಗೆ ಸುಲಭವಾಗಿದೆ. ಇದರ ಬಿಸಿ ಹೈಸ್ಕೂಲ್ ಲೈನ್‌ಮನ್‌ಗಳಿಗೆ ಚೆನ್ನಾಗಿಯೇ ತಟ್ಟಿದೆ.

ಯಾವ ಮಟ್ಟ, ಎಷ್ಟು ಹಣ

ಎನ್‌ಸಿಎಎ ಎಂಬ ಸಂಸ್ಥೆಯಡಿ ಮೂರು ಡಿವಿಷನ್‌ಗಳಿವೆ. ಟಿವಿಯಲ್ಲಿ ಕಾಣುವುದು ಡಿವಿಷನ್ 1ರ ಎಫ್‌ಬಿಎಸ್. ಅಲ್ಲಿ ಬಹುಕಾಲ ತಂಡಕ್ಕೆ 85 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಒಡಂಬಡಿಕೆಯ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದಲ್ಲಿ ಒಟ್ಟು 105 ಜನ ಎಂಬ ಮಿತಿ ಬಂದಿದೆ. ವಾಕ್-ಆನ್‌ಗಳಿಗೆ ಜಾಗ ಕಡಿಮೆಯಾಗಿದೆ. ಡಿವಿಷನ್ 1ರದೇ ಎಫ್‌ಸಿಎಸ್, ಮತ್ತೆ ಡಿವಿಷನ್ 2, ಇವು ಹಣವನ್ನು ಹಂಚಿ ಅರ್ಧ, ಕಾಲು ಸ್ಕಾಲರ್‌ಶಿಪ್ ಕೊಡುವುದೇ ಹೆಚ್ಚು. ಡಿವಿಷನ್ 3ರಲ್ಲಿ, ಹಾಗೆಯೇ ಐವಿ ಲೀಗ್‌ನಲ್ಲಿ, ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ.

ಓದಿನಲ್ಲಿ ಮುಂದಿರುವ ಹುಡುಗನಿಗೆ ಈ ಕೊನೆಯ ಸಾಲನ್ನು ಇನ್ನೊಮ್ಮೆ ತೋರಿಸಿ. ಹಣ ಕೊಡದಿದ್ದರೂ ಅಲ್ಲಿಯ ಕೋಚ್ ತನಗೆ ಬೇಕಾದವನ ಹೆಸರನ್ನು ಪ್ರವೇಶ ವಿಭಾಗಕ್ಕೆ ಶಿಫಾರಸು ಮಾಡಬಲ್ಲರು. ಅಂಕಪಟ್ಟಿ ಚೆನ್ನಾಗಿದ್ದು, ಎತ್ತರದಲ್ಲಿ ಎರಡು ಅಂಗುಲ ಕಡಿಮೆಯಾದ ಗಾರ್ಡ್‌ಗೆ ಇದು ದೊಡ್ಡ ಬಾಗಿಲು. ಶುಲ್ಕದ ಸಹಾಯವನ್ನು ಆ ಕಾಲೇಜುಗಳು ಮನೆಯ ವರಮಾನ ನೋಡಿ ಕೊಡುತ್ತವೆ. ವೀಸಾದಲ್ಲಿರುವವರಿಗೂ ಕೊಡುತ್ತಾರೆಯೇ ಎಂದು ಒಂದೊಂದು ಕಾಲೇಜನ್ನೂ ಕೇಳಬೇಕು.

ಭಾರತದಿಂದ ಬಂದವರಿಗೆ ವಿಶೇಷ ಸೂಚನೆ

ಡಿವಿಷನ್ 1ಕ್ಕೆ ಹೈಸ್ಕೂಲ್‌ನಲ್ಲಿ 16 ಕೋರ್ ಕೋರ್ಸ್‌ಗಳು (ಎನ್‌ಸಿಎಎ ಒಪ್ಪುವ ಮುಖ್ಯ ವಿಷಯಗಳು), ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು. ಡಿವಿಷನ್ 2ಕ್ಕೆ 2.2. ಡಿವಿಷನ್ 1ಕ್ಕೆ ಈ 16ರಲ್ಲಿ ಹತ್ತು ಹನ್ನೆರಡನೇ ಕ್ಲಾಸ್ ಶುರುವಾಗುವ ಮುಂಚೆಯೇ ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ ಅಥವಾ ವಿಜ್ಞಾನ ಆಗಿರಬೇಕು. ಇಲ್ಲಿ ಎಡವಿದವನಿಗೆ ಎಷ್ಟು ಒಳ್ಳೆಯ ವಿಡಿಯೋ ಇದ್ದರೂ ಪ್ರಯೋಜನವಿಲ್ಲ.

ಒಂಬತ್ತನೇ ಕ್ಲಾಸನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮುಗಿಸಿ ಬಂದ ಮಕ್ಕಳ ಹೆತ್ತವರು ಇನ್ನೊಂದು ವಿಷಯ ಗಮನಿಸಿ. "ಹೊಸ ದೇಶ, ಹೊಂದಿಕೊಳ್ಳಲಿ" ಎಂದು ಇಲ್ಲಿ ಮತ್ತೆ ಒಂಬತ್ತಕ್ಕೇ ಸೇರಿಸುವುದುಂಟು. ಎನ್‌ಸಿಎಎ ಲೆಕ್ಕದಲ್ಲಿ ಹೈಸ್ಕೂಲ್‌ನ ನಾಲ್ಕು ವರ್ಷ ಶುರುವಾಗುವುದು ಮಗು ಮೊದಲ ಬಾರಿ ಒಂಬತ್ತಕ್ಕೆ ಸೇರಿದ ದಿನದಿಂದ, ಅದು ಯಾವ ದೇಶದಲ್ಲೇ ಆಗಲಿ. ಆ ಅವಧಿ ಮೀರಿ ಮಾಡಿದ ಕೋರ್ಸ್‌ಗಳು ಎಣಿಕೆಗೆ ಸಿಗದೆ ಹೋಗಬಹುದು. ಸೇರಿಸುವ ಮುಂಚೆಯೇ ಕೌನ್ಸೆಲರ್ ಜತೆ ಮಾತಾಡಿ. ಊರಿನ ಶಾಲೆಯಿಂದ ಒಂಬತ್ತನೇ ತರಗತಿಯಿಂದ ಮುಂದಿನ ಪ್ರತಿ ವರ್ಷದ ಅಂಕಪಟ್ಟಿ ತರಿಸಿಡಿ. ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಅನುವಾದವೂ ಬೇಕು.

ಇನ್ನು ವೀಸಾ. ಎಚ್-4ನಲ್ಲಿರುವ ಹುಡುಗ ಕಾಲೇಜಿಗೆ ಸೇರಬಹುದು, ಆಡಬಹುದು. ಆದರೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಓದು ನಡುವಿನಲ್ಲಿರುವಾಗಲೇ ಎಫ್-1ಕ್ಕೆ ಬದಲಾಯಿಸಬೇಕಾಗಿ ಬರಬಹುದು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಬಹುದು, ಇದನ್ನು ಎನ್‌ಐಎಲ್ ಎನ್ನುತ್ತಾರೆ. ಕೆಲಸ ಮಾಡಲು ಅನುಮತಿ ಇಲ್ಲದ ಎಚ್-4, ನಿರ್ಬಂಧಗಳಿರುವ ಎಫ್-1 ಎರಡರಲ್ಲೂ ಈ ಹಣ ವೀಸಾಕ್ಕೇ ಕುತ್ತು ತರಬಹುದು. ಇಮಿಗ್ರೇಷನ್ ವಕೀಲರಿಗೆ ತೋರಿಸದೆ ಯಾವ ಒಪ್ಪಂದಕ್ಕೂ ಸಹಿ ಬೇಡ, ಅದು ಊರಿನ ಪಿಝಾ ಅಂಗಡಿಯ ಜಾಹೀರಾತೇ ಆಗಿದ್ದರೂ. ಆರ್ಮಿ, ನೇವಿ, ಏರ್ ಫೋರ್ಸ್ ತಂಡಗಳ ಕೋಚ್ ಫೋನ್ ಮಾಡಿದರೆ ಮೊದಲೇ ಹೇಳಿಬಿಡಿ: ಆ ಅಕಾಡೆಮಿಗಳ ಸಾಮಾನ್ಯ ಪ್ರವೇಶಕ್ಕೆ ಅಮೆರಿಕದ ಪೌರತ್ವ ಬೇಕು.

ತೂಕ ಮತ್ತು ತಲೆ

ತೂಕ ಹೆಚ್ಚಿಸು ಎಂದು ಕೋಚ್ ಹೇಳಿದ ಕೂಡಲೇ ಅನ್ನದ ರಾಶಿ ಬಡಿಸುವುದು ಪರಿಹಾರವಲ್ಲ. ಸಸ್ಯಾಹಾರಿ ಮನೆಯಾದರೆ ಬೇಳೆ, ಮೊಸರು, ಪನೀರ್, ಸೋಯಾ, ಕಡಲೆಬೀಜ ಪ್ರತಿ ಹೊತ್ತಿನ ಊಟದಲ್ಲೂ ಇರಲಿ. ರಕ್ತದೊತ್ತಡ, ಸಕ್ಕರೆ ಎರಡನ್ನೂ ವರ್ಷಕ್ಕೊಮ್ಮೆ ನೋಡಿಸಿ, ನಮ್ಮವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ತಲೆಗೆ ಪೆಟ್ಟಾದ ಶಂಕೆಯಿದ್ದರೆ ಆ ದಿನ ಆಡಿಸುವಂತಿಲ್ಲ. ಲೈನ್‌ನಲ್ಲಿ ದೊಡ್ಡ ಪೆಟ್ಟಿಗಿಂತ ಪ್ರತಿ ಸ್ನ್ಯಾಪ್‌ನ ಸಣ್ಣ ತಾಕಲಾಟಗಳೇ ಹೆಚ್ಚು, ಅವು ಹೊರಗೆ ಕಾಣುವುದಿಲ್ಲ. ತಲೆ ಮುಂದೆ ಮಾಡಿ ನುಗ್ಗುವ ಅಭ್ಯಾಸ ನಿಮ್ಮ ಹುಡುಗನಿಗಿದ್ದರೆ ಅದು ಆಟದ ದೋಷವೂ ಹೌದು, ಆರೋಗ್ಯದ ಅಪಾಯವೂ ಹೌದು.

ಯಾವಾಗ ಏನು

ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರಿಂದ ಡಿವಿಷನ್ 1 ಕೋಚ್‌ಗಳು ಹುಡುಗನಿಗೆ ನೇರವಾಗಿ ಬರೆಯಬಹುದು. ಅದೇ ಶಾಲಾ ವರ್ಷದ ಏಪ್ರಿಲ್‌ನಿಂದ ಕಾಲೇಜೇ ಖರ್ಚು ಭರಿಸುವ ಅಧಿಕೃತ ಭೇಟಿಗಳು. ಆ ವಸಂತದಲ್ಲಿ ಯಾವ ಕಾಲೇಜಿನವರು ಹುಡುಗನನ್ನು ನೋಡಲು ಶಾಲೆಯವರೆಗೆ ಬಂದರು ಎಂಬುದೇ ಅವನ ಮಟ್ಟದ ನಿಜವಾದ ಸುಳಿವು. ಲಿಖಿತ ಆಫರ್ ಬರುವುದು ಹನ್ನೆರಡನೇ ಕ್ಲಾಸಿನ ಆಗಸ್ಟ್ 1ರಿಂದ, ಮೊದಲ ಸಹಿ ಡಿಸೆಂಬರ್‌ನಲ್ಲಿ, ಉಳಿದವರಿಗೆ ಫೆಬ್ರವರಿ. ಮುಂಚೆ ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರ 2024ರಲ್ಲೇ ನಿಂತುಹೋಗಿದೆ. ಈಗ ಸಹಿ ಹಾಕುವುದು ಕಾಲೇಜಿನ ಹಣಕಾಸು ಒಪ್ಪಂದಕ್ಕೆ, ಎಷ್ಟು ವರ್ಷಕ್ಕೆ ಎಷ್ಟು ಹಣ, ಗಾಯವಾದರೆ ಏನು ಎಂದು ಅದರಲ್ಲೇ ಓದಿಕೊಳ್ಳಿ.

ಮಗ ಇನ್ನೂ ಒಂಬತ್ತರಲ್ಲಿದ್ದರೆ ಇದೆಲ್ಲ ದೂರದ ಮಾತು. ಈ ತಿಂಗಳು ಒಂದು ಕೆಲಸ ಮಾಡಿ: ಕೌನ್ಸೆಲರ್ ಭೇಟಿಯ ಸಮಯ ಗೊತ್ತುಮಾಡಿ, ಮಗನ ಈ ವರ್ಷದ ವಿಷಯಗಳಲ್ಲಿ ಯಾವುವು ಆ 16ಕ್ಕೆ ಸೇರುತ್ತವೆ ಎಂದು ಬರೆಸಿಕೊಂಡು ಬನ್ನಿ.