ಕಾಂಗ್ರೆಸ್ ಕಸ: ಹೂ ಬಿಡುವ ಮೊದಲೇ ಗುರುತು ಹಿಡಿಯಿರಿ

ಯಮನೂರಿನಲ್ಲಿ ಕಾಂಗ್ರೆಸ್ ಕಸ ಯಾರಿಗೆ ಗೊತ್ತಿಲ್ಲ? ಎದೆಮಟ್ಟ ಬೆಳೆದು, ಮೈತುಂಬ ಬಿಳಿ ಚುಕ್ಕೆ ಚೆಲ್ಲಿಕೊಂಡು ನಿಂತ ಗಿಡವನ್ನು ಸಾಲಿಗೆ ಹೋಗುವ ಹುಡುಗರೂ ಬೆರಳು ಮಾಡಿ ತೋರಿಸುತ್ತಾರೆ. ಆ ಹೊತ್ತಿಗೆ ಗುರುತಿಸಿ ಆಗಬೇಕಾದ್ದೇನು, ಬೀಜ ಆಗಲೇ ಎರೆ ಮಣ್ಣಿಗೆ ಬಿದ್ದಿರುತ್ತದೆ. ಅಂಗೈಯಷ್ಟಗಲ ಇರುವಾಗ ಹಿಡಿಯುವುದು ಬೇರೆಯೇ ವಿದ್ಯೆ. ಅದು ಬಾರದೆ ನಾನೊಮ್ಮೆ ಕುಂಡದಲ್ಲಿ ತಾನಾಗಿ ಎದ್ದ ಸಸಿಯನ್ನು ಶಾವಂತಿಗಿ ಎಂದು ನಂಬಿ ಮೂರು ವಾರ ನೀರುಣಿಸಿದ್ದೆ. ಸಮಾಧಾನ ಇಷ್ಟೇ: ಎರಡೂ ಒಂದೇ ಮನೆತನದವು. ನವಲಗುಂದದ ಹೊಲಗಳಿಗೆ ಹಳೆಯ ಪರಿಚಯದ ಕುಸುಬೆ, ಸೂರ್ಯಕಾಂತಿ, ಗುರೆಳ್ಳು ಕೂಡ ಅದೇ ಬಳಗ.

ಪುಸ್ತಕದ ಹೆಸರು ಪಾರ್ಥೇನಿಯಂ ಹಿಸ್ಟೆರೊಫೋರಸ್. ತವರು ಮೆಕ್ಸಿಕೋ ಕಡೆಯ ಅಮೆರಿಕ. 1950ರ ದಶಕದಲ್ಲಿ ಪುಣೆಯಲ್ಲಿ ತಜ್ಞರ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯೊಳಗೆ ಸೇರಿ ಬಂತು ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಇದನ್ನು ಹದ್ದಿನಲ್ಲಿಡುವುದು ಹೇಗೆಂದು ಚರ್ಚಿಸುವ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದು ನಮ್ಮ ಧಾರವಾಡದಲ್ಲೇ, 1997ರ ಅಕ್ಟೋಬರ್‌ನಲ್ಲಿ.

ಹಂತ 1: ಕೈ ಮುಚ್ಚಿಕೊಳ್ಳಿ

ಗಿಡದಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಮ್ಮೆ ಮುಟ್ಟಿದರೆ ಎಲ್ಲರಿಗೂ ಏನೋ ಆಗುತ್ತದೆ ಎಂದಲ್ಲ. ಮತ್ತೆ ಮತ್ತೆ ಮುಟ್ಟುವವರಲ್ಲಿ ಕೆಲವರಿಗೆ ಚರ್ಮ ಕೆಂಪೇರಿ ವಿಪರೀತ ತುರಿಸುತ್ತದೆ. ಒಮ್ಮೆ ಅಂಟಿಕೊಂಡ ಅಲರ್ಜಿ ಸುಲಭಕ್ಕೆ ಬಿಡದು. ಚರ್ಮದ ಬಾಧೆ ಕಳೆಯಲೆಂದು ಹರಕೆ ಹೊತ್ತು ಯಮನೂರಿಗೆ ಬಂದು ಬೆಣ್ಣೆಹಳ್ಳದಲ್ಲಿ ಮೀಯುವವರಿದ್ದಾರೆ. ಅಂಥ ಹಳ್ಳದ ದಂಡೆಯಲ್ಲೇ ತುರಿಕೆ ಹಚ್ಚುವ ಗಿಡವೂ ಬೇರು ಬಿಡುತ್ತದಲ್ಲ, ಏನೆನ್ನೋಣ! ರಬ್ಬರ್ ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ. ತುಂಬು ತೋಳಿನ ಅಂಗಿ ಇರಲಿ.

ಹಂತ 2: ಎಲ್ಲಿ ಹುಡುಕುವುದು

ಉತ್ತು ಬಿತ್ತಿದ ಹೊಲದ ನಡುವೆ ಅಲ್ಲ, ಯಾರೂ ಕೇಳದ ಜಾಗದಲ್ಲಿ. ಬದು, ಕಾಲುವೆಯ ಏರಿ, ತಿಪ್ಪೆಯ ಬುಡ, ರಸ್ತೆಯ ಅಂಚು. ತೇವ ಸಿಕ್ಕರೆ ಸಾಕು, ಇದು ಕಾಲ ನೋಡುವುದಿಲ್ಲ. ಮುಂಗಾರಿನ ಮೊದಲ ಮಳೆಯ ನಂತರ ಮಾತ್ರ ಹಿಂಡು ಹಿಂಡಾಗಿ ಏಳುತ್ತದೆ.

ಹಂತ 3: ಕುಕ್ಕರಗಾಲಲ್ಲಿ ಕೂತು ಎಲೆ ನೋಡಿ

ಮುಖ್ಯ ಪಾಠ ಇದೇ. ಎಳೆಯ ಗಿಡಕ್ಕೆ ಕಾಂಡ ಕಾಣುವುದಿಲ್ಲ. ಒಂದೇ ನಡುವಿನಿಂದ ಎಲೆಗಳು ಸುತ್ತಲೂ ಹೊರಟು ನೆಲಕ್ಕೆ ಅಂಟಿ ಹರಡಿರುತ್ತವೆ, ಚಕ್ರದ ಅರಗಳ ಹಾಗೆ. ಮೊದಲ ಒಂದೆರಡು ಎಲೆಗಳನ್ನು ನಂಬಬೇಡಿ, ಅವಕ್ಕೆ ಸೀಳು ಅಷ್ಟಾಗಿ ಇರುವುದಿಲ್ಲ. ಆಮೇಲೆ ಬಂದವು ನಡುನರದ ತನಕ ಆಳವಾಗಿ ಸೀಳಿರುತ್ತವೆ, ಸೀಳಿನೊಳಗೆ ಮತ್ತೆ ಸೀಳು. ಬಣ್ಣ ಮಾಸಲು ಹಸಿರು. ಬಿಸಿಲಿಗೆ ಓರೆಯಾಗಿ ಹಿಡಿದರೆ ನವಿರಾದ ಬಿಳಿ ರೋಮ ಕಾಣುತ್ತದೆ.

ಇಲ್ಲಿ ಮೋಸ ಹೋಗುವ ಜಾಗ ಮೂರು. ಗಜ್ಜರಿಯ ಎಲೆಗೆ ಉದ್ದನೆಯ ದೇಟು ಇದ್ದು ನೆಟ್ಟಗೆ ಮೇಲೇಳುತ್ತದೆ. ಇದು ನೆಲ ಬಿಡುವುದಿಲ್ಲ. ಕೊತ್ತಂಬರಿ ನುಣುಪು, ರೋಮವಿಲ್ಲ. ಶಾವಂತಿಗಿಯ ಸೀಳುಗಳು ಅಗಲ, ತುದಿ ದುಂಡು, ಸಸಿ ಮೊದಲಿನಿಂದಲೇ ನಿಂತು ಬೆಳೆಯುತ್ತದೆ. ನನ್ನ ಕುಂಡದ ಸಸಿ ತಟ್ಟೆಯಂತೆ ಚಪ್ಪಟೆ ಕೂತಿತ್ತು. ಅಷ್ಟನ್ನು ಗಮನಿಸಿದ್ದರೆ ಮೂರು ವಾರದ ನೀರು ಉಳಿಯುತ್ತಿತ್ತು.

ಹಂತ 4: ಕಾಂಡ

ಚಕ್ರದ ನಡುವಿನಿಂದ ಕಾಂಡ ಎದ್ದ ಮೇಲೆ ಅದರ ಉದ್ದಕ್ಕೂ ಏಣುಗಳಿರುತ್ತವೆ, ಬೆರಳಾಡಿಸಿದರೆ (ಕೈಗವಸಿನೊಳಗಿಂದಲೇ) ತಿಳಿಯುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುವುದಿಲ್ಲ, ಒಂದು ಆಚೆ, ಒಂದು ಈಚೆ. ಮೇಲೆ ಹೋದಂತೆ ಎಲೆ ಸಣ್ಣದಾಗಿ ಕವಲು ಹೆಚ್ಚುತ್ತದೆ.

ಹಂತ 5: ಹೂವನ್ನು ಎಣಿಸಿ

ಸೂರ್ಯಕಾಂತಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ನಾವು ಒಂದು ಹೂ ಎನ್ನುವುದು ನೂರಾರು ಪುಟ್ಟ ಹೂಗಳು ತುಂಬಿದ ತಟ್ಟೆ. ಈ ಮನೆತನದ ಗುರುತೇ ಅದು. ಕಾಂಗ್ರೆಸ್ ಕಸದ ತಟ್ಟೆ ಸುಮಾರು 4 ಮಿಲಿಮೀಟರ್ ಅಗಲ, ಜೋಳದ ಕಾಳಿನ ಲೆಕ್ಕ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿ. ತಟ್ಟೆ ಪೂರ್ತಿ ದುಂಡಗಿಲ್ಲ, ಐದು ಮೂಲೆ. ಮೂಲೆಗೊಂದರಂತೆ ಐದು ಮೋಟು ಬಿಳಿ ನಾಲಿಗೆ. ಬೀಜ ಕಟ್ಟುವುದು ಆ ಐದು ಮಾತ್ರ, ನಡುವಿನವು ಬರೀ ಪರಾಗದ ಗಂಡು ಹೂಗಳು. ತಟ್ಟೆಗೆ ಐದೇ ಬೀಜ ಎಂದು ಹಗುರಾಗಿ ಎಣಿಸಬೇಡಿ. ತಟ್ಟೆಗಳು ಸಾವಿರಗಟ್ಟಲೆ, ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಬಿಳಿ ಹೂ ಕಂಡದ್ದೆಲ್ಲ ಕಾಂಗ್ರೆಸ್ ಕಸವಲ್ಲ. ಹಸಿ ಜಾಗದ ಗರಗಕ್ಕೂ ಸಣ್ಣ ಬಿಳಿ ಹೂವಿದೆ. ಆದರೆ ಅದರ ಎಲೆ ಸೀಳಿಲ್ಲದೆ ಉದ್ದುದ್ದ, ಜೋಡಿ ಜೋಡಿ, ಜಜ್ಜಿದರೆ ರಸ ಕಪ್ಪಾಗುತ್ತದೆ. ತಲೆಗೂದಲ ಎಣ್ಣೆಗೆ ಹಾಕುವ ಆ ಸೊಪ್ಪನ್ನು ಕಸವೆಂದು ಕಿತ್ತೆಸೆಯಬೇಡಿ.

ಹಂತ 6: ತೂತು ಬಿದ್ದ ಎಲೆ ಇದೆಯೇ?

ಎಲೆ ಜಾಲರಿಯಾಗಿದ್ದರೆ ಮಗುಚಿ ನೋಡಿ. ಮಾಸಲು ಬೆನ್ನಿನ ಮೇಲೆ ಕಂದು ಗೆರೆ ಎಳೆದ ಪುಟ್ಟ ಜೀರುಂಡೆ ಸಿಕ್ಕೀತು. ಜೈಗೊಗ್ರಾಮಾ ಬೈಕಲರೇಟಾ ಎಂಬ ಈ ಹುಳವನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಇದು ಸೂರ್ಯಕಾಂತಿಯ ಎಲೆಗೂ ಬಾಯಿ ಹಾಕೀತೆಂದು ಕೆಲಕಾಲ ಗದ್ದಲವಾಗಿತ್ತು. ಮನೆತನ ಒಂದೇ ಆದ್ದರಿಂದ ಆ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅದರ ಮುಖ್ಯ ಊಟ ಮಾತ್ರ ಕಾಂಗ್ರೆಸ್ ಕಸವೇ. ಹುಳ ದಂಡಿಯಾಗಿ ಮೇಯುತ್ತಿರುವ ಗಿಡಗಳಿಗೆ ಔಷಧ ಹೊಡೆಯದಿರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹಂತ 7: ಕೀಳುವುದು

ಮಣ್ಣು ಹಸಿಯಿರುವಾಗ ಬುಡಕ್ಕೆ ಕೈಹಾಕಿ ತಾಯಿಬೇರಿನ ಸಮೇತ ಎಳೆಯಿರಿ. ಎರೆ ಒಣಗಿ ಬಿರಿದ ಮೇಲೆ ಎಳೆದರೆ ಗಿಡ ತುಂಡಾಗಿ ಬುಡ ಮತ್ತೆ ಚಿಗುರುತ್ತದೆ. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ ಸಲ್ಲುತ್ತದೆ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಿದಿರೋ, ಮುಂದಿನ ವರ್ಷ ಗೊಬ್ಬರದ ಚಕ್ಕಡಿಯೇ ಅದನ್ನು ಹೊಲಕ್ಕೆ ಒಯ್ಯುತ್ತದೆ.

ಮೊಳೆತ ನಾಲ್ಕಾರು ವಾರಗಳಲ್ಲೇ ಇದು ಹೂವಿಗೆ ಬರುತ್ತದೆ. ಹಾಗಾಗಿ ಮೊದಲ ಹದಮಳೆಯಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಮೂರನೇ ವಾರಕ್ಕೆ ಬದುವಿನ ಮೇಲೆ ಒಂದು ಸುತ್ತು ಹಾಕಿ ಬನ್ನಿ.